ಮಂಗನ ಬೇಟೆಯಾಡುವವರು ಒಳಗೇ ಇದ್ದರೂ ಮನು ಕಾಡಿನಲ್ಲಿ ಮಂಗಗಳು ಹೇಗೆ ಉಳಿದಿವೆ?

ಓದುಗರ ಪ್ರಶ್ನೆ: ಪೆರು ದೇಶದ ಮನು ರಾಷ್ಟ್ರೀಯ ಉದ್ಯಾನದೊಳಗೇ ಮೂಲನಿವಾಸಿಗಳು ಇದ್ದಾರಂತೆ, ಮಂಗಗಳನ್ನು ಹೊಡೆದು ತಿನ್ನುತ್ತಾರಂತೆ. ಬೇಟೆಗೆ ಬಿಟ್ಟ ಮೇಲೆ ಅದೆಂಥ ಉದ್ಯಾನ? ಪ್ರಾಣಿಗಳೆಲ್ಲ ಖಾಲಿಯಾಗುವುದಿಲ್ವಾ?

ಖಾಲಿಯಾಗಿಲ್ಲ. ಅಮೆಜಾನ್ ಕಾಡಿನಲ್ಲಿ ದೊಡ್ಡ ಮಂಗಗಳು ಇನ್ನೂ ದಂಡಿಯಾಗಿ ಕಾಣುವ ಜಾಗಗಳಲ್ಲಿ ಮನು ಒಂದು. ಆದರೂ ನಮ್ಮಲ್ಲಿ ಈ ಪ್ರಶ್ನೆ ಏಳುವುದು ಸಹಜ. ನಾಗರಹೊಳೆಯಿಂದ ಜೇನು ಕುರುಬರನ್ನು ಹೊರಗೆ ಕಳಿಸಿದ್ದನ್ನು ಕಂಡವರು ನಾವು. ಕಾಡು ಉಳಿಯಬೇಕಾದರೆ ಜನ ಎದ್ದು ಹೋಗಬೇಕು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ.

ಮನು ಉದ್ಯಾನ ಆಗಿದ್ದು 1973ರಲ್ಲಿ. ಆಂಡಿಸ್ ಬೆಟ್ಟಸಾಲಿನಿಂದ ಅಮೆಜಾನಿನ ತಗ್ಗು ಕಾಡಿನವರೆಗೆ ಸುಮಾರು 17,000 ಚದರ ಕಿಲೋಮೀಟರ್, ಅಂದರೆ ನಾಲ್ಕು ಕೊಡಗು ಹಿಡಿಸುವಷ್ಟು ಜಾಗ. ಗಡಿ ಗುರುತಿಸುವ ಹೊತ್ತಿಗೆ ಮಾತ್ಸಿಗೆಂಕ ಜನ ಒಳಗೇ ಇದ್ದರು. ಅವರನ್ನು ಎಬ್ಬಿಸಲಿಲ್ಲ. ಇವತ್ತಿಗೂ ತಯಾಕೋಮೆ, ಯೊಮಿಬಾತೊ ಅನ್ನುವ ಊರುಗಳು ಉದ್ಯಾನದ ಒಳಗಿವೆ. ಮನೆಯ ಊಟಕ್ಕೆ ಬೇಟೆ, ಮೀನು, ತೋಟ ಎಲ್ಲಕ್ಕೂ ಅನುಮತಿ ಇದೆ. ಆದರೆ ಕೋವಿ ಹಿಡಿಯುವಂತಿಲ್ಲ, ಹೊರಗೆ ಮಾರಲು ಬೇಟೆಯಾಡುವಂತಿಲ್ಲ, ಮಾರಲು ಮರ ಕಡಿಯುವಂತೆಯೂ ಇಲ್ಲ.

ಮಂಗಗಳು ಉಳಿದ ಗುಟ್ಟು ಇರುವುದು ಆ ಕೋವಿಯ ಮಾತಿನಲ್ಲಿ. 1960ರ ದಶಕದಲ್ಲಿ ಮಿಷನರಿಗಳು ತಯಾಕೋಮೆಗೆ ಬಂದರು. ಅವರ ಜೊತೆ ಶಾಲೆ ಬಂತು, ಕಾಡುಬೆಕ್ಕುಗಳ ಚರ್ಮದ ವ್ಯಾಪಾರವೂ ಕೋವಿಯೂ ಬಂದವು. ಉದ್ಯಾನ ಆದ ಮೇಲೆ ಮಿಷನರಿಗಳು ಹೊರಡಬೇಕಾಯಿತು. ಕೆಲವು ಕುಟುಂಬಗಳೂ ಅವರ ಹಿಂದೆ ಕಮಿಸೇಯ ನದಿಯ ಕಡೆಗೆ ಹೋದವು. ಉಳಿದವರು ಬಿಲ್ಲು ಬಾಣದಲ್ಲೇ ಮುಂದುವರಿದರು.

ಬಿಲ್ಲು ತಾಳೆ ಜಾತಿಯ ಮರದ ಗಟ್ಟಿ ಕಪ್ಪು ಕಟ್ಟಿಗೆಯದು. ಬಾಣದ ಕಡ್ಡಿ ಜೊಂಡುಹುಲ್ಲಿನ ದಂಟಿನದು, ಹಿಂದೆ ಹಕ್ಕಿಯ ಗರಿ. ಕಾಡುಹಂದಿಗೆ ಚೂಪು ಮಾಡಿದ ಅಗಲ ಬಿದಿರಿನ ಮೊನೆ. ಮಂಗ ಇರುವುದು ಮರದ ತುದಿಯಲ್ಲಿ, ಎಲೆಗಳ ಮರೆಯಲ್ಲಿ. ಕುತ್ತಿಗೆ ಎತ್ತಿ, ನೇರ ಮೇಲಕ್ಕೆ ಹೊಡೆಯಬೇಕು. ಗುರಿ ತಪ್ಪಿದರೆ ಬಾಣ ಕೊಂಬೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಹಿಂಡು ಅಷ್ಟರಲ್ಲಿ ದಾಟಿರುತ್ತದೆ. ನುರಿತ ಬೇಟೆಗಾರನೂ ಎಷ್ಟೋ ಸಲ ಬರಿಗೈಯಲ್ಲಿ ಮನೆಗೆ ಬರುತ್ತಾನೆ. ಇಲ್ಲಿನ ದೊಡ್ಡ ಮಂಗಗಳಲ್ಲೊಂದಾದ ಜೇಡ ಮಂಗ ಮರಿ ಹಾಕುವುದು ಎರಡು ಮೂರು ವರ್ಷಕ್ಕೊಂದು. ಕೋವಿ ಸಿಕ್ಕ ಕಡೆಗಳಲ್ಲಿ ಮೊದಲು ಮಾಯವಾಗಿದ್ದು ಅದೇ. ಊರಿನ ಬೇಟೆಗಾರರ ಜೊತೆ ಸೇರಿ ಸಂಶೋಧಕರು ಲೆಕ್ಕ ಇಟ್ಟಾಗ, ಮನೆಗಳ ಸುತ್ತಮುತ್ತ ಮಾತ್ರ ಮಂಗಗಳು ಕಡಿಮೆಯಾಗಿದ್ದು ಗೊತ್ತಾಯಿತು. ದೂರದ ಕಾಡಿನಲ್ಲಿ ಹಿಂಡುಗಳು ಹಾಗೇ ಇದ್ದವು, ಅಲ್ಲಿಂದ ಇತ್ತ ಬರುತ್ತಲೂ ಇದ್ದವು.

ತೋಟದ ಕಥೆಯೂ ಬೇರೆಯಲ್ಲ. ನಮ್ಮ ಮಲೆನಾಡಿನಲ್ಲಿ ಹಿಂದೆ ಕುಮರಿ ಅನ್ನುತ್ತಿದ್ದ ಬೇಸಾಯ ಅದು. ಚಿಕ್ಕ ತುಂಡು ಕಾಡು ಕಡಿದು, ಸುಟ್ಟು, ಮರಗೆಣಸು ನೆಡುತ್ತಾರೆ. ಕೆಲವು ವರ್ಷದ ಮೇಲೆ ಪಾಳು ಬಿಡುತ್ತಾರೆ, ಕಾಡು ಮತ್ತೆ ಬೆಳೆಯುತ್ತದೆ. ಅಷ್ಟು ದೊಡ್ಡ ಜಾಗಕ್ಕೆ ಜನ ತೀರ ಕಡಿಮೆ ಇರುವುದರಿಂದ ಇದು ನಡೆಯುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಆ ಜನಕ್ಕೆ ಅನ್ಯಾಯ. ಕಾಡು ಉಳಿದಿದ್ದಕ್ಕೆ ಬೆಲೆ ತೆರುತ್ತಿರುವವರು ಅವರು. ತಲೆಮಾರುಗಳಿಂದ ಬಾಳಿದ ನೆಲಕ್ಕೆ ಅವರ ಹೆಸರಿನ ಹಕ್ಕುಪತ್ರವಿಲ್ಲ. ಸೋಪು, ಬಟ್ಟೆ, ಮಕ್ಕಳ ಪುಸ್ತಕ, ದೋಣಿಗೆ ಪೆಟ್ರೋಲು ಎಲ್ಲಕ್ಕೂ ದುಡ್ಡು ಬೇಕು. ದುಡ್ಡು ಹುಟ್ಟುವ ದಾರಿಗಳು ಮಾತ್ರ ಬಹುಪಾಲು ಮುಚ್ಚಿವೆ. ಆಸ್ಪತ್ರೆಗೆ ಹೋಗಬೇಕೆಂದರೆ ದಿನಗಟ್ಟಲೆ ನದಿ ಪ್ರಯಾಣ. ಬಿಲ್ಲು ಹಿಡಿದಿದ್ದಾರೆ ಅಂತ ಮೆಚ್ಚುವ ನಾವು, ಹಿಡಿಯಲೇಬೇಕು ಅಂತ ಅವರಿಗೆ ವಿಧಿಸಿದ್ದು ಯಾರು ಅನ್ನುವುದನ್ನೂ ಕೇಳಬೇಕಲ್ವಾ?

ಅದೇ ಕಾಡಿನಲ್ಲಿ ಹೊರಗಿನವರಿಂದ ದೂರ ಉಳಿದ ಮಾಷ್ಕೊ ಪೀರೊ ಜನವೂ ಇದ್ದಾರೆ. 1894ರಲ್ಲಿ ರಬ್ಬರ್ ದೊರೆ ಫಿಟ್ಸ್‌ಕರಾಲ್ಡ್‌ನ ಕಡೆಯವರು ಮನು ನದಿಯ ಮೇಲ್ಭಾಗದಲ್ಲಿ ಇವರ ಹಿರಿಯರನ್ನು ಕೊಂದು ಹಾಕಿದ್ದರು. ಅವರು ದೂರ ಉಳಿದಿದ್ದಕ್ಕೆ ಇಂಥ ಕಾರಣವಿದೆ. ಪಕ್ಕದ ಸೀಮೆಯ ನಹುವ ಜನಕ್ಕೆ 1984ರಲ್ಲಿ ಮರ ಕಡಿಯುವವರ ಸಂಪರ್ಕವಾಯಿತು. ಅಂಟಿದ ಕಾಯಿಲೆಗಳಿಗೆ ಹೆಚ್ಚುಕಡಿಮೆ ಅರ್ಧ ಜನ ಸತ್ತರು. ಹಾಗಾಗಿ ನದಿ ದಡದಲ್ಲಿ ಮಾಷ್ಕೊ ಪೀರೊ ಕಂಡರೆ ದೋಣಿ ನಿಲ್ಲಿಸಬಾರದು, ಬಾಳೆಗೊನೆ, ಬಟ್ಟೆ ಏನನ್ನೂ ಎಸೆಯಬಾರದು.

ಅಲ್ಲಿಗೆ ಹೋಗುವ ಆಸೆ ಇರುವವರು ಸಾಲ್ವಡಾರ್ ಕೆರೆಯ ಬಳಿ ತಯಾಕೋಮೆ, ಯೊಮಿಬಾತೊ ಊರಿನವರದೇ ಆದ ವಸತಿಗೃಹದ ಬಗ್ಗೆ ವಿಚಾರಿಸಿ. ಅಲ್ಲಿ ಉಳಿದುಕೊಂಡರೆ ನೀವು ಕೊಡುವ ದುಡ್ಡು ಅವರ ಊರಿಗೇ ಹೋಗುತ್ತದೆ.