‘ಬೆಳಕು’ ಹುಡುಕಿದರೆ ‘ಬೆಳಕಾಗಲಿ’ ಏಕೆ ಸಿಗುವುದಿಲ್ಲ?

ಬೆಳಗಾವಿ ಕ್ಯಾಂಪಿನಿಂದ ಬೈಲಹೊಂಗಲ, ಗೋಕಾಕದವರೆಗೆ, ಚರ್ಚಿನಲ್ಲಿ ಭಾನುವಾರ ಮಾಡುವ ಪ್ರಸಂಗ, ಅಂದರೆ ಬೋಧನೆ, ಸಿದ್ಧಪಡಿಸುವವರಲ್ಲಿ ಅನೇಕರು ಒಮ್ಮೆಯಾದರೂ ಬೈಬಲ್ ಅಧ್ಯಯನದ ತಂತ್ರಾಂಶ ಹಾಕಿಸಿಕೊಂಡಿರುತ್ತಾರೆ. ನಾಲ್ಕು ದಿನ ಬಳಸಿ ಮತ್ತೆ ಅಚ್ಚಿನ ಸತ್ಯವೇದಕ್ಕೇ ಮರಳುವವರೂ ಕಡಿಮೆಯಿಲ್ಲ. ಕಾರಣ ಕೇಳಿದರೆ ‘ಹುಡುಕಿದ್ದು ಸಿಗುವುದಿಲ್ಲ’ ಎನ್ನುತ್ತಾರೆ. ದೂರು ನಿಜ. ಆದಿಕಾಂಡದ ಮೊದಲ ಅಧ್ಯಾಯ ಕಣ್ಣೆದುರೇ ಇರುವಾಗ ಹುಡುಕುವ ಪೆಟ್ಟಿಗೆಯಲ್ಲಿ ‘ಬೆಳಕು’ ಎಂದು ಬರೆದರೂ ಮೂರನೆಯ ವಚನ ಫಲಿತಾಂಶದಲ್ಲಿ ಕಾಣಿಸದು. ಅಲ್ಲಿರುವುದು ‘ಬೆಳಕಾಗಲಿ’, ‘ಬೆಳಕಾಯಿತು’. ಯಂತ್ರಕ್ಕೆ ಇವು ‘ಬೆಳಕು’ ಪದಕ್ಕೆ ಸಂಬಂಧವೇ ಇಲ್ಲದ ಬೇರೆ ಪದಗಳು.

ಇದನ್ನು ಬಳಸುವವರ ಅಜ್ಞಾನ ಎಂದು ತಳ್ಳಿಹಾಕುವ ತಂತ್ರಜ್ಞರ ಮೇಲೆ ನನಗೆ ಸಿಟ್ಟಿದೆ. ತಂತ್ರಾಂಶದ ಸೆಟ್ಟಿಂಗ್ಸ್ ಪುಟದಲ್ಲಿ ಕಾಣುವ ಒಂದೊಂದು ಆಯ್ಕೆಯ ಹಿಂದೆಯೂ ಯಾವಾಗಲೋ, ಯಾವ ಊರಿನಲ್ಲೋ, ಬೇರೆ ಭಾಷೆಯವರು ತಮ್ಮ ಅನುಕೂಲಕ್ಕೆ ಮಾಡಿದ ತೀರ್ಮಾನವಿದೆ. ಅದು ಗೊತ್ತಿದ್ದರೆ ಅರ್ಧ ಕಲಿತಂತೆ.

ಪದ ಹಿಡಿದು ವಚನ ಹುಡುಕುವ ಆಸೆ ಕಂಪ್ಯೂಟರಿಗಿಂತ ಬಹಳ ಹಳೆಯದು. 13ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಡೊಮಿನಿಕನ್ ಸಂನ್ಯಾಸಿಗಳು ಲ್ಯಾಟಿನ್ ಬೈಬಲ್ಲಿಗೆ ಪದಸೂಚಿ, ಅಂದರೆ ಯಾವ ಪದ ಯಾವ ವಚನದಲ್ಲಿದೆ ಎಂದು ಹೇಳುವ ಪಟ್ಟಿ, ಸಿದ್ಧಪಡಿಸಿದರು. 1737ರಲ್ಲಿ ಅಲೆಕ್ಸಾಂಡರ್ ಕ್ರೂಡನ್ ಇಂಗ್ಲಿಷಿಗೆ ಒಂದನ್ನು ಕೊಟ್ಟ. 1957ರಲ್ಲಿ ಪ್ರಕಟವಾದ ಇಂಗ್ಲಿಷ್ ಪದಸೂಚಿಯೊಂದನ್ನು ತಯಾರಿಸಿದ್ದೇ ಯೂನಿವ್ಯಾಕ್ ಕಂಪ್ಯೂಟರ್. ಇವುಗಳ ನಡುವೆ, 1890ರಲ್ಲಿ, ಜೇಮ್ಸ್ ಸ್ಟ್ರಾಂಗ್ ಮಾಡಿದ ಕೆಲಸವೇ ಇಂದಿನ ಬಹುತೇಕ ಬೈಬಲ್ ತಂತ್ರಾಂಶಗಳ ಬೆನ್ನೆಲುಬು. ಅವನು ಮೂಲ ಹೀಬ್ರೂ ಮತ್ತು ಗ್ರೀಕ್ ಭಾಷೆಯ ಪ್ರತಿ ಪದಕ್ಕೂ ಒಂದು ಸಂಖ್ಯೆ ಕೊಟ್ಟ. ಹೀಬ್ರೂವಿನಲ್ಲಿ ಬೆಳಕಿಗೆ ಸಂಖ್ಯೆ 216. ಪದ ಯಾವ ರೂಪದಲ್ಲಿ ಬಂದರೂ, ಅನುವಾದದಲ್ಲಿ ಹೇಗೆ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ವಿಭಕ್ತಿ, ಸಂಧಿಗಳ ಜಂಜಾಟವೆಲ್ಲ ಒಂದೇ ಏಟಿಗೆ ಬಗೆಹರಿಯುತ್ತದೆ. ಈ ಮಾತಿಗೆ ಮತ್ತೆ ಬರುತ್ತೇನೆ.

ನಮ್ಮ ಕಡೆಯ ಕಥೆ ಬೇರೆ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ. ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೈಗೊಂಡ ಅನುವಾದದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಓದಲು ಸಿಕ್ಕಿತು. ಅದೇ 1831ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಬಾಬಾ ಪದಮನಜಿ ಇಲ್ಲಿಯ ಮಿಷನ್ ಶಾಲೆಯಲ್ಲಿ ಓದಿ, ಮುಂದೆ ಮರಾಠಿಯ ದೊಡ್ಡ ಲೇಖಕನಾದ. ಎರಡು ಭಾಷೆ ಅಕ್ಕಪಕ್ಕ ಕೂರುವ ಊರು ಆಗಲೂ ಇದು, ಈಗಲೂ ಇದು. ಕನ್ನಡ ಒಂದು ಕಿಟಕಿಯಲ್ಲಿ, ಮರಾಠಿ ಇನ್ನೊಂದರಲ್ಲಿ ಇಟ್ಟು ಎರಡನ್ನೂ ಒಟ್ಟಿಗೆ ಸರಿಸುವ ಸೌಲಭ್ಯ ಬೆಂಗಳೂರಿನವರಿಗೆ ಶೋಕಿ ಎನಿಸಬಹುದು, ಬೆಳಗಾವಿಯವರಿಗೆ ಅದು ದಿನದ ಅಗತ್ಯ.

ಬೈಬಲ್ ತಂತ್ರಾಂಶಗಳಲ್ಲಿ 1992ರಲ್ಲಿ ಲೋಗೋಸ್, 2000ದಲ್ಲಿ ಇ-ಸ್ವೋರ್ಡ್ ಬಂದವು. 1990ರ ದಶಕದಲ್ಲೇ ಕ್ರಾಸ್‌ವೈರ್ ಸಂಸ್ಥೆಯ ಸ್ವೋರ್ಡ್ ಯೋಜನೆ ಮುಕ್ತ ತಂತ್ರಾಂಶವಾಗಿ ಬೆಳೆಯಿತು. ಇಂದಿನ ಸೈಫೋಸ್, ಬೈಬಲ್‌ಟೈಮ್, ಆಂಡ್ರಾಯ್ಡಿನ ಆ್ಯಂಡ್ ಬೈಬಲ್ ಎಲ್ಲವೂ ಅದರ ಪಠ್ಯಗಳನ್ನೇ ಓದುತ್ತವೆ. ಆ ಹೊತ್ತಿಗೆ ಕನ್ನಡ ಎಲ್ಲಿತ್ತು? ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಡಿಟಿಪಿ ಅಂಗಡಿಗಳು ನಡೆಯುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟುಗಳ ಮೇಲೆ. ಹಾಗೆ ಟೈಪು ಮಾಡಿದ ವಚನವನ್ನು ತಂತ್ರಾಂಶಕ್ಕೆ ಅಂಟಿಸಿದರೆ ಅರ್ಥವಾಗದ ಗೀಟುಗಳ ರಾಶಿ ಬೀಳುತ್ತಿತ್ತು. ಆಂಡ್ರಾಯ್ಡ್ ಮೊಬೈಲಿನಲ್ಲಿ ಕನ್ನಡ ಸರಿಯಾಗಿ ಮೂಡಲು 2012ರ 4.1ನೆಯ ಆವೃತ್ತಿಯವರೆಗೆ ಕಾಯಬೇಕಾಯಿತು.

ಆ ದಿನಗಳ ಗುರುತು ಇನ್ನೂ ಉಳಿದಿದೆ. ಸ್ವೋರ್ಡ್ ಪಠ್ಯವೊಂದನ್ನು ಜಿಪ್ ಕಡತವಾಗಿ ಇಳಿಸಿಕೊಂಡು ಬಿಚ್ಚಿ ನೋಡಿ. ಒಳಗೆ ಎರಡು ಫೋಲ್ಡರುಗಳು: ಒಂದರಲ್ಲಿ ಪಠ್ಯ, ಇನ್ನೊಂದರಲ್ಲಿ ಹತ್ತಿಪ್ಪತ್ತು ಸಾಲಿನ ಚಿಕ್ಕ ಸೆಟ್ಟಿಂಗ್ಸ್ ಕಡತ. ಪಠ್ಯದ ಭಾಷೆ, ಅಕ್ಷರ ಸಂಕೇತ, ಅಧ್ಯಾಯ–ವಚನಗಳ ಕ್ರಮ ಎಲ್ಲವನ್ನೂ ಹೇಳುವುದು ಈ ಕಡತವೇ. ಅಕ್ಷರ ಸಂಕೇತ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಬರೆದಿಡುವ ರೀತಿ) ಎಂಬ ಸಾಲು ಬಿಟ್ಟುಹೋದರೆ ತಂತ್ರಾಂಶ ಅದನ್ನು ಪಶ್ಚಿಮ ಯುರೋಪಿನ ಲ್ಯಾಟಿನ್ ಲಿಪಿ ಎಂದೇ ಹಿಡಿಯುತ್ತದೆ. ಕನ್ನಡ ಪಠ್ಯ ಸರಿಯಾಗಿಯೇ ಇರುತ್ತದೆ, ತೆರೆಯ ಮೇಲೆ ಮಾತ್ರ ಕಸ. ‘ಫಾಂಟ್ ಇಲ್ಲ’ ಎಂದು ಫಾಂಟಿನ ಮೇಲೆ ಫಾಂಟ್ ಹಾಕಿ ಸುಸ್ತಾದವರು ಮೊದಲು ನೋಡಬೇಕಾದದ್ದು ಈ ಒಂದು ಸಾಲನ್ನು. ಎರಡೂ ಫೋಲ್ಡರುಗಳು ಒಂದೇ ಜಾಗದಲ್ಲಿ ಇರಬೇಕು, ಒಂದನ್ನು ಮಾತ್ರ ನಕಲು ಮಾಡಿದರೆ ಪಠ್ಯ ಪಟ್ಟಿಯಲ್ಲೇ ಬರುವುದಿಲ್ಲ.

ವಚನಕ್ರಮದ ಸಾಲು ಇನ್ನೂ ಹಳೆಯ ಜಗಳ. ಇಂದಿನ ಅಧ್ಯಾಯ ವಿಂಗಡಣೆ 13ನೆಯ ಶತಮಾನದ ಇಂಗ್ಲಿಷ್ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಹೆಸರಿನಲ್ಲಿದೆ. ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳನ್ನು 1551ರಲ್ಲಿ ಹಾಕಿದವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ಆದರೆ ಹೀಬ್ರೂ ಬೈಬಲ್ ತನ್ನದೇ ಎಣಿಕೆ ಇಟ್ಟುಕೊಂಡಿತು. 51ನೆಯ ಕೀರ್ತನೆಯ ಮೇಲಿನ ತಲೆಬರಹವೇ ಅಲ್ಲಿ ಮೊದಲ ಎರಡು ವಚನ, ಹಾಗಾಗಿ ನಮ್ಮ ಒಂದನೆಯ ವಚನ ಅಲ್ಲಿ ಮೂರನೆಯದು. ಮಲಾಕಿಯನ ಪುಸ್ತಕಕ್ಕೆ ನಮ್ಮಲ್ಲಿ ನಾಲ್ಕು ಅಧ್ಯಾಯ, ಹೀಬ್ರೂವಿನಲ್ಲಿ ಮೂರೇ. ಸ್ವೋರ್ಡ್ ಬಹಳ ಕಾಲ ಕಿಂಗ್ ಜೇಮ್ಸ್ ಎಂಬ ಹಳೆಯ ಇಂಗ್ಲಿಷ್ ಅನುವಾದದ ಕ್ರಮವೊಂದನ್ನೇ ಬಲ್ಲದಾಗಿತ್ತು, ಬೇರೆ ಕ್ರಮಗಳು ಸೇರಿದ್ದು 2009ರ ಹೊತ್ತಿಗೆ. ಕಡತದಲ್ಲಿ ಏನೂ ಹೇಳದಿದ್ದರೆ ಇಂದಿಗೂ ಕಿಂಗ್ ಜೇಮ್ಸ್ ಲೆಕ್ಕವೇ. ಎರಡು ಕಿಟಕಿಗಳು ಒಂದೆರಡು ವಚನ ಹಿಂದುಮುಂದಾಗಿ ಓಡುವುದನ್ನು ಕಂಡವರು ಅನುವಾದಕರನ್ನು ಬೈಯಬಾರದು.

ಇಷ್ಟಾದರೂ ‘ಬೆಳಕು’ ಸಿಗಲಿಲ್ಲವಲ್ಲ! ಇಂಗ್ಲಿಷ್ ಪದಗಳ ಪ್ರತ್ಯಯ ಕತ್ತರಿಸಿ ಬುಡವನ್ನು ಹಿಡಿಯುವ ಪೋರ್ಟರ್ ಸೂತ್ರ 1980ರಲ್ಲೇ ಬಂತು. ಈ ತಂತ್ರಾಂಶಗಳು ಕನ್ನಡಕ್ಕೆ ಅಂಥ ಕತ್ತರಿ ಹಾಕುವುದಿಲ್ಲ. ಪದದ ಬುಡ ಬರೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕುವುದು ಸದ್ಯದ ಉಪಾಯ. ‘ಬೆಳಕ’ ಬರೆದು ನಕ್ಷತ್ರ ಹಾಕಿದರೆ ‘ಬೆಳಕನ್ನು’, ‘ಬೆಳಕಿಗೆ’, ‘ಬೆಳಕಾಗಲಿ’ ಎಲ್ಲವೂ ಬರುತ್ತವೆ. ಎಲ್ಲ ಪದಗಳಿಗೂ ಇದು ಒಗ್ಗದು. ಒಳ್ಳೆಯ ಕುರುಬನ ಮೇಲೆ ಪ್ರಸಂಗ ಬರೆಯುವವರು ‘ಕುರಿ’ಗೆ ನಕ್ಷತ್ರ ಹಾಕಿದರೆ, ಯಾವ ಯಾವುದನ್ನೋ ‘ಕುರಿತು’ ಹೇಳಿದ ವಚನಗಳೆಲ್ಲ ಹಿಂಡಾಗಿ ನುಗ್ಗುತ್ತವೆ. ಅಲ್ಲಿ ‘ಕುರಿಗಳ’, ‘ಕುರಿಯ’ ಎಂದು ಬಿಡಿಸಿ ಹುಡುಕುವುದೇ ಮೇಲು. ಅನ್ಯದೇಶದ ಹೆಸರುಗಳಲ್ಲಿ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ವಿಭಜಕ ಚಿಹ್ನೆ ಇರಬಹುದು. ನೀವು ಟೈಪಿಸಿದ ಹೆಸರಿನಲ್ಲಿ ಅದು ಇಲ್ಲದಿದ್ದರೆ ಹುಡುಕಾಟ ಬರಿಗೈ. ಹೆಸರನ್ನು ಪಠ್ಯದಿಂದಲೇ ನಕಲು ಮಾಡಿ ಪೆಟ್ಟಿಗೆಗೆ ಅಂಟಿಸುವುದು ಕ್ಷೇಮ.

ಸರಿಯಾದ ಮದ್ದು ಸ್ಟ್ರಾಂಗ್ ಸಂಖ್ಯೆಗಳೇ. ಸ್ವೋರ್ಡಿನ ಕಿಂಗ್ ಜೇಮ್ಸ್ ಪಠ್ಯದಲ್ಲಿ ಅವು ಪದಪದಕ್ಕೂ ಅಂಟಿಕೊಂಡಿವೆ. ಆದ್ದರಿಂದ ಕನ್ನಡದ ಪಕ್ಕ ಅದನ್ನೂ ತೆರೆದು, ಎರಡು ಕಿಟಕಿಗಳನ್ನು ಜೋಡಿಸಿ, ಆ ಕಡೆ ಹೀಬ್ರೂ 216 ಹುಡುಕಿದರೆ ಈ ಕಡೆ ಕನ್ನಡ ಹಳೆಯ ಒಡಂಬಡಿಕೆಯ ಬೆಳಕೆಲ್ಲ ಸಾಲಾಗಿ ಬರುತ್ತದೆ. ಸುತ್ತುಬಳಸಿನ ದಾರಿ, ಆದರೂ ನಂಬಬಹುದಾದ ದಾರಿ.

ಕನ್ನಡ ಪಠ್ಯಕ್ಕೇ ಆ ಸಂಖ್ಯೆ ಅಂಟಿಸಬಾರದೇಕೆ? ಇಷ್ಟು ಕಾಲ ಅಡ್ಡಿಯಾಗಿದ್ದ ದೊಡ್ಡ ಕಾರಣ ಹಕ್ಕುಸ್ವಾಮ್ಯ. ಹಕ್ಕುಸ್ವಾಮ್ಯವಿರುವ ಪಠ್ಯವನ್ನು ಹಕ್ಕುದಾರರ ಅನುಮತಿಯಿಲ್ಲದೆ ಮಾರ್ಪಡಿಸಿ ಹಂಚುವಂತಿಲ್ಲ. ಕದ್ದ ಪ್ರತಿಗಳು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಓಡಾಡಿದ್ದುಂಟು, ಅಂಥದ್ದರ ಮೇಲೆ ಯಾರೂ ವರ್ಷಗಟ್ಟಲೆ ಶ್ರಮ ಹಾಕುವುದಿಲ್ಲ. ಬ್ರಿಜ್ ಕನೆಕ್ಟಿವಿಟಿ ಸಲ್ಯೂಷನ್ಸ್ ಎಂಬ ಸಂಸ್ಥೆ ಹೊರತಂದ 2019ರ ಇಂಡಿಯನ್ ರಿವೈಸ್ಡ್ ವರ್ಷನ್ ಎಂಬ ಕನ್ನಡ ಬೈಬಲ್ ಪಠ್ಯದ ಪರವಾನಗಿ ಬೇರೆ ರೀತಿಯದು: ಕ್ರಿಯೇಟಿವ್ ಕಾಮನ್ಸ್. ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಮಾರ್ಪಡಿಸಬಹುದು, ಮಾರ್ಪಡಿಸಿದ್ದನ್ನು ಅದೇ ಷರತ್ತಿನಲ್ಲಿ ಹಂಚಬೇಕು. ಕಿಂಗ್ ಜೇಮ್ಸ್ ಹೊಸ ಒಡಂಬಡಿಕೆಗೆ ಸಂಖ್ಯೆ ಅಂಟಿಸಿದ್ದು ಕ್ರಾಸ್‌ವೈರಿನ ಸ್ವಯಂಸೇವಕರು, ಅಧ್ಯಾಯಗಳನ್ನು ಹಂಚಿಕೊಂಡು. ಕನ್ನಡಕ್ಕೆ ಅದೇ ಕೆಲಸ ಮಾಡಲು ಬೇಕಾಗುವುದು ಕನ್ನಡ ಬಲ್ಲವರು, ಒಂದಿಷ್ಟು ಹೀಬ್ರೂ–ಗ್ರೀಕ್ ಕಲಿತ ದೇವಶಾಸ್ತ್ರದ ವಿದ್ಯಾರ್ಥಿಗಳು, ಮತ್ತು ಕಡತ ಕೆಡದಂತೆ ನೋಡಿಕೊಳ್ಳುವ ಒಬ್ಬ ಕಂಪ್ಯೂಟರ್ ಹುಡುಗ ಅಥವಾ ಹುಡುಗಿ. ಯೋಹಾನನ ಸುವಾರ್ತೆಯಿಂದ ಶುರು ಮಾಡಿದರೆ 21 ಅಧ್ಯಾಯ.