“ನಂಗೆ ಓಟೇ ಇಲ್ಲ, ನಾನು ಒಲಿಂಪಿಯಾಗೆ ಫೋನ್ ಮಾಡಿ ಏನ್ ಪ್ರಯೋಜನ?”

ಪ್ರಶ್ನೆ: ಅಕ್ಕಾ, ನಾವಿರೋದು ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಹತ್ರ. ನಂದು ಎಚ್-4 (ಗಂಡನ ಎಚ್-1ಬಿ ಕೆಲಸದ ವೀಸಾ ಮೇಲೆ ಬಂದಿರೋದು), ಇಬ್ರು ಚಿಕ್ಕ ಮಕ್ಳು. ಚೈಲ್ಡ್‌ಕೇರು, ಹೆರಿಗೆ ರಜೆ ಅಂತ ಏನಾದ್ರೂ ಬಿಲ್ ಬಂದ್ರೆ ಗ್ರೂಪಲ್ಲಿ “ನಿಮ್ಮ ಲೆಜಿಸ್ಲೇಟರ್‌ಗೆ ಫೋನ್ ಮಾಡಿ” ಅಂತ (ಅಂದ್ರೆ ನಮ್ಮ ರಾಜಧಾನಿ ಒಲಿಂಪಿಯಾದಲ್ಲಿ ಕೂರೋ ಶಾಸಕರಿಗೆ) ಮೆಸೇಜ್ ಶುರು ಆಗುತ್ತೆ. ನಾನು ಸಿಟಿಜನ್ ಅಲ್ಲ, ಓಟ್ ಹಾಕಲ್ಲ. ನನ್ನಂಥವಳು ಮಾಡಿದ್ರೆ ತಪ್ಪಾಗಲ್ವಾ? ಮಾಡಿದ್ರೂ ಯಾರಾದ್ರೂ ಕೇಳ್ತಾರಾ?

ಉತ್ತರ: ಪ್ರತಿ ಜನವರಿ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ, ಹಾಗಾಗಿ ಈ ಸಲ ಕೂತ್ಕೊಂಡು ಪೂರ್ತಿ ಬರೆದುಬಿಡ್ತೀನಿ. ಮಾಡಬಹುದು. ಕೇಳ್ತಾರೆ ಕೂಡ, ಆದ್ರೆ ಯಾವಾಗ ಮಾಡ್ತೀರ, ಯಾರಿಗೆ ಮಾಡ್ತೀರ ಅನ್ನೋದ್ರ ಮೇಲೆ ಮುಕ್ಕಾಲು ಪಾಲು ನಿಂತಿದೆ, ಮತ್ತೆ ನಮ್ಮಲ್ಲಿ ಹೆಚ್ಚಿನವರು ಎಡವೋದೂ ಅಲ್ಲೇ.

ತಪ್ಪು-ಸರಿ ವಿಷ್ಯ ಮೊದ್ಲು ಮುಗಿಸಿಬಿಡೋಣ. ಸರ್ಕಾರದ ಹತ್ರ ನಮ್ಮ ಕಷ್ಟ ಹೇಳ್ಕೊಳ್ಳೋ ಹಕ್ಕು ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಇದೆ, ಅಲ್ಲಿ ಇರೋ ಪದ “ಜನ”, “ಓಟರ್” ಅಲ್ಲ. ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ 49 ಡಿಸ್ಟ್ರಿಕ್ಟ್ (ಶಾಸಕರ ಕ್ಷೇತ್ರ) ಇವೆ, 2020ರ ಜನಗಣತಿ ಪ್ರಕಾರ ಒಂದೊಂದಕ್ಕೂ ಸುಮಾರು 1,57,000 ಜನ, ಈ ಲೆಕ್ಕದಲ್ಲಿ ನೀವೂ ಇದ್ದೀರ ನಿಮ್ಮ ಮಕ್ಳೂ ಇದ್ದಾರೆ, ಯಾಕಂದ್ರೆ ಗೆರೆ ಎಳೆಯೋದು ಅಲ್ಲಿ ವಾಸ ಇರೋ ಎಲ್ಲರನ್ನೂ ಎಣಿಸಿ. ಅಂದ್ರೆ ನಿಮ್ಮ ಸೆನೆಟರ್ ಒಬ್ರು (ಮೇಲ್ಮನೆ ಸೆನೆಟ್‌ನವ್ರು), ರೆಪ್ರೆಸೆಂಟೇಟಿವ್ ಇಬ್ರು (ಕೆಳಮನೆ ಹೌಸ್‌ನವ್ರು) ನಿಮ್ಮನ್ನೂ ಪ್ರತಿನಿಧಿಸ್ತಾರೆ, ನೀವು ಓಟ್ ಹಾಕದಿದ್ರೂ. ನೀವು ಮಾಡಬಾರದ್ದು ಬೇರೆ ಇದೆ: ಕ್ಯಾಂಡಿಡೇಟ್‌ಗೆ ದುಡ್ಡು ಕೊಡಬಾರದು. ಗ್ರೀನ್ ಕಾರ್ಡ್ ಇದ್ರೆ ಕೊಡಬಹುದು, ಎಚ್-1ಬಿ ಎಚ್-4ನಲ್ಲಿ ಇರೋವ್ರು ಐದು ಡಾಲರ್ ಕೂಡ ಕೊಡೋ ಹಾಗಿಲ್ಲ, ರಾಜ್ಯದ ಎಲೆಕ್ಷನ್‌ಗೂ ಇದೇ ರೂಲ್. ಹಾಗೇ ಸಂಬಳ ತಗೊಂಡು ಲಾಬಿ ಮಾಡೋದು ಕೆಲಸ ಮಾಡಿದ ಹಾಗೆ, ವರ್ಕ್ ಪರ್ಮಿಟ್ ಇಲ್ಲದಿದ್ರೆ ಅದು ವೀಸಾ ತೊಂದರೆ. ನಮ್ಮ ಪಾಡಿಗೆ ನಾವು, ಯಾರ ಹತ್ರನೂ ದುಡ್ಡು ತಗೊಳ್ದೆ, ದುಡ್ಡು ಖರ್ಚು ಮಾಡ್ದೆ ಮಾತಾಡೋಕೆ ಲಾಬಿಯಿಸ್ಟ್ ಅಂತ ರಿಜಿಸ್ಟರ್ ಆಗೋದೂ ಬೇಡ. (ಥ್ಯಾಂಕ್ಸ್ ಹೇಳೋಕೆ ಸ್ವೀಟ್ ಬಾಕ್ಸ್ ತಗೊಂಡು ಹೋಗೋಣ ಅಂತ ಒಬ್ರು ಕೇಳಿದ್ರು. ಬೇಡಮ್ಮ. ಅವ್ರಿಗೆ ಗಿಫ್ಟ್ ರೂಲ್ಸ್ ಇದೆ, ಪಾಪ ತಗೊಳ್ಳೋಕೂ ಮುಜುಗರ ಬೇಡ ಅನ್ನೋಕೂ ಮುಜುಗರ.)

ಈಗ ಟೈಮಿಂಗ್. ಇಲ್ಲಿ ಸೆಷನ್ (ಅಧಿವೇಶನ) ಶುರು ಆಗೋದು ಜನವರಿ ಎರಡನೇ ಸೋಮವಾರ. ಬೆಸ ವರ್ಷ ಆದ್ರೆ 105 ದಿನ, ಸಮ ವರ್ಷ ಆದ್ರೆ ಬರೀ 60 ದಿನ, ಅಷ್ಟೇ. ಟೆಕ್ಸಸ್‌ನವರಿಗಂತೂ ಎರಡು ವರ್ಷಕ್ಕೆ ಒಂದೇ ಸಲ, 140 ದಿನ. ನಮ್ಮ 60 ದಿನದ ಸೆಷನ್‌ನಲ್ಲಿ ಒಂದು ಬಿಲ್ ತನ್ನ ಮೊದಲ ಕಮಿಟಿ ದಾಟೋಕೆ ಸಿಗೋದು ಮೂರೂವರೆ ವಾರದಷ್ಟು ಟೈಮು. ಅದಕ್ಕೆ “ಕಟ್‌ಆಫ್” ಅಂತಾರೆ. ದುಡ್ಡು ಬೇಕಾಗೋ ಬಿಲ್ ಆದ್ರೆ ಅದಾದ್ಮೇಲೆ ಇನ್ನೊಂದು ಕಮಿಟಿ, ಹೌಸ್‌ನಲ್ಲಿ ಅಪ್ರೋಪ್ರಿಯೇಷನ್ಸು ಸೆನೆಟ್‌ನಲ್ಲಿ ವೇಸ್ ಅಂಡ್ ಮೀನ್ಸು, ಅದಕ್ಕೂ ಒಂದು ಕಟ್‌ಆಫ್. ಆಮೇಲೆ ರೂಲ್ಸ್ ಕಮಿಟಿ, ಇದರ ಮುಂದೆ ನಾವು ಹೋಗಿ ಮಾತಾಡೋ ಹಾಗೇ ಇಲ್ಲ, ಯಾರಾದ್ರೂ ಒಬ್ಬ ಸದಸ್ಯರು “ಈ ಬಿಲ್ ನಂಗೆ ಬೇಕು” ಅಂತ ಎಳೆದು ಹೊರಗೆ ತರಬೇಕು, ತರದಿದ್ರೆ ಅಲ್ಲೇ ಸಮಾಧಿ. ಇಷ್ಟೆಲ್ಲಾ ಆದ್ಮೇಲೆ ಫ್ಲೋರ್‌ನಲ್ಲಿ, ಅಂದ್ರೆ ಇಡೀ ಸದನದಲ್ಲಿ, ಓಟು, ಆಮೇಲೆ ಇನ್ನೊಂದು ಸದನದಲ್ಲಿ ಮತ್ತೆ ಮೊದಲಿಂದ.

ನಮ್ಮೋರು ಏನ್ ಮಾಡ್ತಾರೆ? ಪೇಪರ್‌ನಲ್ಲಿ “ನಾಳೆ ಓಟಿಂಗ್” ಅಂತ ಬಂದ ದಿನ ಎದ್ದು ಕೂರ್ತಾರೆ. ಅಷ್ಟು ಹೊತ್ತಿಗೆ ಮುಕ್ಕಾಲು ಬಿಲ್‌ಗಳ ಕಥೆ ಮುಗ್ದಿರುತ್ತೆ, ಅವನ್ನ ಯಾರೂ ಸೋಲಿಸಿರಲ್ಲ, ಕಮಿಟಿಯ ಚೇರ್, ಅಂದ್ರೆ ಅಧ್ಯಕ್ಷರು, ಹಿಯರಿಂಗ್‌ಗೆ (ಜನರ ಮಾತು ಕೇಳೋ ಸಭೆಗೆ) ಹಾಕಿರಲ್ಲ ಅಷ್ಟೇ. ಹಾಗಾಗಿ ನಿಮ್ಮ ಮೊದಲ ಕಾಲ್‌ಗೆ ಸರಿಯಾದ ಟೈಮು ಜನವರಿ ಮಧ್ಯ, ವಿಷ್ಯ ಒಂದೇ: “ಈ ಬಿಲ್‌ಗೆ ಹಿಯರಿಂಗ್ ಕೊಡಿಸಿ.” ನಿಮ್ಮ ಲೆಜಿಸ್ಲೇಟರ್ ಆ ಕಮಿಟಿಯಲ್ಲಿ ಇಲ್ಲದಿದ್ರೂ ಪರವಾಗಿಲ್ಲ, ಅವ್ರು ಹೋಗಿ ಚೇರ್‌ಗೆ ಒಂದು ಮಾತು ಹೇಳಬಹುದು, ಮತ್ತೆ ಸೆಷನ್ ಟೈಮಲ್ಲಿ ಇವರೆಲ್ಲ ಒಂದೇ ಕಾರಿಡಾರಲ್ಲಿ ಓಡಾಡ್ಕೊಂಡಿರ್ತಾರೆ.

ಫೋನ್ ಎತ್ತೋದು ಲೆಜಿಸ್ಲೇಟರ್ ಅಲ್ಲ, ಅವ್ರ ಎಲ್‌ಎ, ಲೆಜಿಸ್ಲೇಟಿವ್ ಅಸಿಸ್ಟೆಂಟ್. ಹೌಸ್ ಸದಸ್ಯರಿಗೆ ಸಾಮಾನ್ಯವಾಗಿ ಇಂಥವ್ರು ಒಬ್ರೇ, ಕ್ಯಾಲೆಂಡರು ಇಮೇಲು ಫೋನು ಎಲ್ಲಾ ಅವ್ರ ತಲೆ ಮೇಲೆ. ಅವ್ರ ಜೊತೆ ಮರ್ಯಾದೆಯಿಂದ ಮಾತಾಡಿ, ಹೆಸ್ರು ಕೇಳಿ ಬರ್ಕೊಳ್ಳಿ. ಹೇಳಬೇಕಾದ್ದು ನಿಮ್ಮ ಹೆಸ್ರು, ಮನೆ ವಿಳಾಸ (ಡಿಸ್ಟ್ರಿಕ್ಟ್ ಒಳಗೇ ಇದ್ದೀರ ಅಂತ ಗೊತ್ತಾಗಬೇಕು, ಇಲ್ಲಾಂದ್ರೆ ಲೆಕ್ಕಕ್ಕಿಲ್ಲ), ಬಿಲ್ ನಂಬರು, ಏನ್ ಬೇಕು, ಯಾಕೆ ಅನ್ನೋದು ಒಂದೇ ವಾಕ್ಯದಲ್ಲಿ. ಒಂದೂವರೆ ನಿಮಿಷ ಸಾಕು. ಹೌಸ್ ಬಿಲ್ ನಂಬರ್ 1000ದಿಂದ ಶುರು, ಸೆನೆಟ್ ಬಿಲ್ 5000ದಿಂದ, ಹಾಗಾಗಿ ನಂಬರ್ ನೋಡಿದ್ರೇ ಎಲ್ಲಿಂದ ಬಂದಿದ್ದು ಅಂತ ಗೊತ್ತಾಗುತ್ತೆ. ಗ್ರೂಪಲ್ಲಿ ಬಂದ ರೆಡಿಮೇಡ್ ಇಮೇಲ್ ಕಾಪಿ ಪೇಸ್ಟ್ ಮಾಡಿ ಕಳಿಸೋದು ಏನೂ ಇಲ್ಲದ್ದಕ್ಕಿಂತ ವಾಸಿ, ಆದ್ರೆ ಒಂದೇ ಥರದ ಇನ್ನೂರು ಇಮೇಲ್ ಒಟ್ಟಿಗೆ ಒಂದು ಅಂಕಿ ಆಗಿಬಿಡುತ್ತೆ. ನಿಮ್ಮದೇ ಮಾತಲ್ಲಿ ಬರೆದ ನಾಲ್ಕು ಸಾಲು ಹಾಗಾಗಲ್ಲ, ಯಾಕಂದ್ರೆ ಲೆಜಿಸ್ಲೇಟರ್‌ಗೆ ಫ್ಲೋರ್‌ನಲ್ಲಿ ಎದ್ದು ನಿಂತು ಹೇಳೋಕೆ “ನನ್ನ ಡಿಸ್ಟ್ರಿಕ್ಟ್‌ನ ಒಬ್ಬ ತಾಯಿ ಬರೆದಿದ್ರು” ಅಂತ ಒಂದು ಕಥೆ ಬೇಕಾಗಿರುತ್ತೆ.

ಹಿಯರಿಂಗ್ ಅಂದ್ರೆ ಹೆದರ್ಕೋಬೇಡಿ, ನಾನು ಮೊದಲ ಸಲ ಹೋಗಿದ್ದು ನೆನಪಾದ್ರೆ ಈಗ್ಲೂ ನಗು ಬರುತ್ತೆ. ಐದು ಪೇಜ್ ಟೈಪ್ ಮಾಡಿ, ಪರ್ಸೆಂಟೇಜ್ ಎಲ್ಲಾ ಬಾಯಿಪಾಠ ಮಾಡಿ, ರಾತ್ರಿ ಎರಡು ಗಂಟೆವರೆಗೆ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿ ಹೋದೆ. ಅಲ್ಲಿ ನೋಡಿದ್ರೆ ತುಂಬಾ ಜನ ಸೈನ್ ಇನ್ ಮಾಡಿದ್ದಾರೆ ಅಂತ ಚೇರು “ಒಬ್ಬೊಬ್ಬರಿಗೆ ಒಂದು ನಿಮಿಷ” ಅಂದುಬಿಟ್ರು. ನನ್ನ ಪರಿಚಯ, ಕಮಿಟಿಗೆ ನಮಸ್ಕಾರ, ಪೀಠಿಕೆ ಮುಗಿಸೋ ಅಷ್ಟರಲ್ಲಿ ಟೈಮ್ ಆಯ್ತು. ಒಬ್ಬ ಸದಸ್ಯರು ಲ್ಯಾಪ್‌ಟಾಪ್ ನೋಡ್ತಿದ್ರು, ಇನ್ನೊಬ್ರು ಸ್ಯಾಂಡ್‌ವಿಚ್ ತಿಂತಿದ್ರು. ಅವಮಾನ ಅನ್ನಿಸ್ತು, ಆಮೇಲೆ ಗೊತ್ತಾಯ್ತು ಅವ್ರು ಬೆಳಿಗ್ಗೆಯಿಂದ ಮೂರನೇ ಕಮಿಟಿಯಲ್ಲಿ ಕೂತಿದ್ದಾರೆ ಊಟಕ್ಕೆ ಟೈಮೇ ಇಲ್ಲ ಅಂತ. ನನ್ನ ನಂತರ ಬಂದ ಹುಡುಗಿ ಹೆಗಲ ಮೇಲೆ ಮಗು ಹಾಕ್ಕೊಂಡು, ಪೇಪರ್ರೇ ಇಲ್ದೆ, “ನಾನು ಆಪರೇಷನ್ ಆಗಿ ಹತ್ತೊಂಬತ್ತನೇ ದಿನಕ್ಕೆ ಕೆಲಸಕ್ಕೆ ವಾಪಸ್ ಹೋದೆ, ಹೊಲಿಗೆ ಇನ್ನೂ ಹಸಿ ಇತ್ತು” ಅಂದ್ಲು. ಸ್ಯಾಂಡ್‌ವಿಚ್ ಕೆಳಗೆ ಹೋಯ್ತು. ಅವಳು ಇಪ್ಪತ್ತು ಸೆಕೆಂಡ್ ಮಿಗಿಸಿದ್ಲು ಕೂಡ.

ಈಗ ಒಲಿಂಪಿಯಾಗೆ ಹೋಗಲೇಬೇಕು ಅಂತಿಲ್ಲ, ಮನೆಯಿಂದ್ಲೇ ಝೂಮ್‌ನಲ್ಲಿ ಮಾತಾಡಬಹುದು. ಹಿಯರಿಂಗ್ ಶುರು ಆಗೋಕೆ ಒಂದು ಗಂಟೆ ಮುಂಚೆ ಒಳಗೆ ಆನ್‌ಲೈನ್ ಸೈನ್ ಇನ್ ಆಗಿರಬೇಕು. ಮಾತಾಡೋಕೆ ಧೈರ್ಯ ಇಲ್ವಾ, ಬರೆದು ಕಳಿಸಿ. ಅದಕ್ಕೂ ಟೈಮಿಲ್ವಾ, “ನನ್ನ ನಿಲುವು ರೆಕಾರ್ಡ್ ಮಾಡ್ಕೊಳ್ಳಿ” ಅಂತ ಒಂದು ಆಪ್ಷನ್ ಇದೆ, ಪ್ರೋ (ಪರ) ಅಂತ ಒತ್ತಿದ್ರೆ ಮುಗೀತು, ಎರಡು ನಿಮಿಷದ ಕೆಲಸ. ಮಗುಗೆ ಹಾಲು ಕುಡಿಸ್ತಾ ಒಂದು ಕೈಯಲ್ಲಿ ಮಾಡಿರೋವ್ರು ನಮ್ಮ ಗುಂಪಲ್ಲೇ ಇದ್ದಾರೆ.

ಒಂದೇ ಸೆಷನ್‌ನಲ್ಲಿ ಆಗಿಬಿಡುತ್ತೆ ಅಂತ ಮಾತ್ರ ಅಂದ್ಕೋಬೇಡಿ. ಇಲ್ಲಿಯ ಹೆರಿಗೆ ರಜೆ ಕಥೆನೇ ತಗೊಳ್ಳಿ. ಕೇಂದ್ರದ ರಜೆ ಕಾನೂನು ಎಫ್‌ಎಂಎಲ್‌ಎ (ಫ್ಯಾಮಿಲಿ ಅಂಡ್ ಮೆಡಿಕಲ್ ಲೀವ್ ಆಕ್ಟ್) 1993ರದ್ದು, 12 ವಾರ ರಜೆ ಕೊಡುತ್ತೆ ಆದ್ರೆ ಸಂಬಳ ಇಲ್ಲ, ಅದೂ 50 ಜನಕ್ಕಿಂತ ಕಮ್ಮಿ ಇರೋ ಕಂಪನಿಗೆ ಲೆಕ್ಕವೇ ಇಲ್ಲ. ವಾಷಿಂಗ್ಟನ್‌ನಲ್ಲಿ 2007ರಲ್ಲೇ ಒಂದು ಕಾನೂನು ಪಾಸಾಯ್ತು, ಹೊಸದಾಗಿ ತಂದೆ-ತಾಯಿ ಆದವ್ರಿಗೆ ವಾರಕ್ಕೆ 250 ಡಾಲರ್, ಐದು ವಾರ. ಎಲ್ಲಾ ಖುಷಿಪಟ್ರು. ಆದ್ರೆ ದುಡ್ಡು ಎಲ್ಲಿಂದ ಅಂತ ಕಾನೂನಲ್ಲಿ ಗಟ್ಟಿಯಾಗಿ ಬರೆದಿರಲಿಲ್ಲ, 2008ರ ಆರ್ಥಿಕ ಕುಸಿತ ಬಂತು, ಮುಂದಕ್ಕೆ ಹಾಕಿದ್ರು, ಮತ್ತೆ ಹಾಕಿದ್ರು, ಒಬ್ಬೇ ಒಬ್ಬ ತಾಯಿಗೂ ಒಂದು ಚೆಕ್ ಹೋಗ್ಲಿಲ್ಲ. ಮತ್ತೆ ಮೊದಲಿಂದ ಕಟ್ಟಿ 2017ರಲ್ಲಿ ಹೊಸ ಕಾನೂನು ಆಯ್ತು, ಈ ಸಲ ಪ್ರೀಮಿಯಂ ಅಂತ ಸಂಬಳದಿಂದ್ಲೇ ದುಡ್ಡಿನ ದಾರಿ ಮಾಡಿದ್ರು, 2019ರಿಂದ ಕಟ್ ಮಾಡೋಕೆ ಶುರು, 2020ರ ಜನವರಿಯಿಂದ ದುಡ್ಡು ಕೈಗೆ. ಈಗ ಸಾಮಾನ್ಯವಾಗಿ 12 ವಾರ, ಬಸಿರು-ಬಾಣಂತನದ ತೊಂದರೆ ಸೇರಿದ್ರೆ 18ರವರೆಗೂ ಹೋಗಬಹುದು.

ಅದ್ರಲ್ಲೂ ಒಂದು ತೂತಿತ್ತು. ನನ್ನ ಸ್ನೇಹಿತೆ ಒಬ್ಳು ಮೂವತ್ತು ಜನ ಇರೋ ಒಂದು ಆಫೀಸಲ್ಲಿ ಇದ್ಲು, 12 ವಾರ ರಜೆ ತಗೊಂಡ್ಲು, ರಾಜ್ಯದ ದುಡ್ಡೂ ಬಂತು, ವಾಪಸ್ ಹೋದ್ರೆ ಅವಳ ಕುರ್ಚಿಯಲ್ಲಿ ಬೇರೆಯವ್ರು. ಕಾನೂನು ಪ್ರಕಾರ ತಪ್ಪೇನಿಲ್ಲ! ಯಾಕಂದ್ರೆ ರಜೆ ಎಲ್ಲರಿಗೂ ಇತ್ತು, ಅದೇ ಕೆಲಸಕ್ಕೆ ವಾಪಸ್ ಬರೋ ಗ್ಯಾರಂಟಿ ಮಾತ್ರ 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಡೆ. ಇಂಥ ಕಥೆ ಹೊತ್ಕೊಂಡು ಹೆಂಗಸರು ವರ್ಷ ವರ್ಷ ಹೋಗಿ ಹೋಗಿ 2025ರ ಸೆಷನ್‌ನಲ್ಲಿ ಅದು ಬದಲಾಯ್ತು: 2026ರಿಂದ 25 ಜನ ಇದ್ರೂ ಸಾಕು, ಸೇರಿ 180 ದಿನ ಆಗಿದ್ರೆ ಸಾಕು, 2027ಕ್ಕೆ 15 ಜನ, 2028ಕ್ಕೆ 8 ಜನ. ನನ್ನ ಸ್ನೇಹಿತೆಗೆ ಇದ್ರಿಂದ ಏನೂ ಸಿಗ್ಲಿಲ್ಲ ಬಿಡಿ, ಅವಳು ಅಷ್ಟು ಹೊತ್ತಿಗೆ ಬೇರೆ ಕಡೆ ಸೇರಿ ಆಗಿತ್ತು, ಆದ್ರೂ ಸೈನ್ ಇನ್ ಮಾಡಿದ್ಲು.

ನೋಡಿ, 2007ರದ್ದು ಸತ್ತಿದ್ದು ದುಡ್ಡಿನ ಕೈಲಿ. ಅದಕ್ಕೇ ಹೇಳೋದು, ಖರ್ಚು ಬರೋ ಬಿಲ್ ಜೊತೆ ಸಾಮಾನ್ಯವಾಗಿ “ಫಿಸ್ಕಲ್ ನೋಟ್” ಅಂತ ಒಂದು ಪೇಪರ್ ಇರುತ್ತೆ, ಖರ್ಚಿನ ಅಂದಾಜು, ನಮ್ಮ ಹೆಂಗಸರ ಗುಂಪುಗಳು ಓದದೇ ಬಿಡೋದು ಅದನ್ನೇ. ಓದಿ. ಚೈಲ್ಡ್‌ಕೇರ್ ಬಿಲ್ ಆದ್ರಂತೂ ಮೊದಲು ಅದನ್ನೇ ಓದಿ.

ಇನ್ನು ಓಟಿಲ್ಲದವರ ಮಾತು ಯಾರು ಕೇಳ್ತಾರೆ ಅಂದ್ರಲ್ಲ, ಒಂದು ಹಳೇ ಕಥೆ ಹೇಳ್ತೀನಿ. 1920ರ ಆಗಸ್ಟು, ಹೆಂಗಸರಿಗೆ ಓಟು ಕೊಡೋ 19ನೇ ತಿದ್ದುಪಡಿಗೆ ಇನ್ನೊಂದೇ ರಾಜ್ಯ ಬೇಕಿತ್ತು, ಟೆನೆಸೀಯಲ್ಲಿ ಸ್ಪೆಷಲ್ ಸೆಷನ್. ಹೌಸ್‌ನಲ್ಲಿ ತಿದ್ದುಪಡಿನ ಬದಿಗಿಡೋ ನಿರ್ಣಯಕ್ಕೆ 48-48, ಸಮ. ಹ್ಯಾರಿ ಬರ್ನ್ ಅಂತ 24 ವರ್ಷದ ಹುಡುಗ, ಸದಸ್ಯರಲ್ಲೇ ಚಿಕ್ಕವನು, ವಿರೋಧಿಗಳ ಕೆಂಪು ಗುಲಾಬಿ ಕೋಟಿಗೆ ಸಿಕ್ಕಿಸ್ಕೊಂಡು ಕೂತಿದ್ದ, ಆದ್ರೆ ತಿದ್ದುಪಡಿ ಮೇಲೇ ಓಟು ಬಂದಾಗ ‘ಹೌದು’ ಅಂದುಬಿಟ್ಟ. ಜೇಬಲ್ಲಿ ಅವನ ತಾಯಿ ಫೆಬ್ ಬರ್ನ್ ಬರೆದ ಕಾಗದ ಇತ್ತು, ಪರವಾಗಿ ಓಟ್ ಹಾಕು ಮಗನೇ ಅಂತ. ಆಕೆಗೆ ಅವತ್ತು ಪೂರ್ತಿ ಓಟಿನ ಹಕ್ಕು ಇರಲಿಲ್ಲ. ನಮ್ಮ ವಾಷಿಂಗ್ಟನ್ ಇನ್ನೂ ಮುಂಚೆ, 1910ರಲ್ಲೇ. ಎಮ್ಮಾ ಸ್ಮಿತ್ ಡಿವೋ ಅನ್ನೋವ್ರು ಮೆರವಣಿಗೆ ಗಲಾಟೆ ಕಮ್ಮಿ ಮಾಡಿ ಒಬ್ಬೊಬ್ಬರನ್ನೇ ಹಿಡಿದು ಮಾತಾಡಿಸೋ ದಾರಿ ಹಿಡಿದ್ರು, ಇವರ ಚಳವಳಿಯವ್ರು ಅಡುಗೆ ಪುಸ್ತಕ ಕೂಡ ಮಾರಿದ್ರು. ಗಂಡಸರ ಓಟಿಂದ್ಲೇ, ಹತ್ತಿರ ಹತ್ತಿರ ಎರಡಕ್ಕೆ ಒಂದರ ಲೆಕ್ಕದಲ್ಲಿ ಗೆದ್ರು.

ಸಂಘದ ಹೆಸರಲ್ಲಿ ಮಾಡಬಹುದಾ ಅಂತ ನೀವು ಕೇಳಿಲ್ಲ, ಮುಂದಿನ ಪ್ರಶ್ನೆ ಅದೇ ಬರುತ್ತೆ. ನಿಮ್ಮ ಸಂಘ 501(ಸಿ)(3), ಅಂದ್ರೆ ತೆರಿಗೆ ವಿನಾಯಿತಿ ಇರೋ ದತ್ತಿ ಸಂಸ್ಥೆ, ಆಗಿದ್ರೆ ಸ್ವಲ್ಪ ಮಟ್ಟಿಗೆ ಬಿಲ್ ಪರವಾಗಿ ಲಾಬಿ ಮಾಡಬಹುದು, ಅದೇ ಮುಖ್ಯ ಕಸುಬು ಆಗಬಾರದು. ಇಂಥ ಕ್ಯಾಂಡಿಡೇಟ್‌ಗೆ ಓಟ್ ಹಾಕಿ ಅಂತ ಮಾತ್ರ ಸುತಾರಾಂ ಹೇಳಬಾರದು. ಕಮಿಟಿ ಮೆಂಬರ್ಸ್ ಈ ಎರಡನ್ನೂ ಒಂದೇ ಅಂದ್ಕೊಂಡು ಹೆದರಿ ಏನೂ ಮಾಡದೇ ಕೂರ್ತಾರೆ.

ಒಂದು ಎಚ್ಚರಿಕೆ ಹೇಳಲೇಬೇಕು. ನೀವು ಹಿಯರಿಂಗ್‌ನಲ್ಲಿ ಮಾತಾಡಿದ್ದು ಟಿವಿಡಬ್ಲ್ಯೂ ಅನ್ನೋ ಚಾನೆಲ್‌ನಲ್ಲಿ ವಿಡಿಯೋ ಆಗಿ ಉಳಿಯುತ್ತೆ, ಸೈನ್ ಇನ್ ಮಾಡಿದ ಹೆಸ್ರೂ ದಾಖಲೆ, ಇಮೇಲ್ ಕೂಡ ಯಾರಾದ್ರೂ ಕೇಳಿ ಪಡ್ಕೋಬಹುದಾದ ದಾಖಲೆ ಆಗಬಹುದು. ಹಾಗಾಗಿ ಮನೆಯವರ ವೀಸಾ ನಂಬರು, ಆಸ್ಪತ್ರೆ ಪೇಪರ್ರು, ಮಕ್ಳ ಪೂರ್ತಿ ಹೆಸ್ರು ಇವೆಲ್ಲ ಬರೀಬೇಡಿ, ಗಂಡನ ಆಫೀಸ್ ಇಮೇಲ್‌ನಿಂದ ಕಳಿಸಲೇಬೇಡಿ. ಈಗಿನ ಪರಿಸ್ಥಿತಿಯಲ್ಲಿ ಹೆಸ್ರು ಹೊರಗೆ ಬರೋದು ಬೇಡ ಅನ್ನಿಸಿದ್ರೆ ಅದೂ ಸರೀನೇ, ಅದನ್ನ ಯಾರೂ ಪುಕ್ಕಲು ಅನ್ನಬಾರದು. ಓಟ್ ಇರೋ ಪಕ್ಕದ ಮನೆಯವ್ರಿಗೆ ಬಿಲ್ ನಂಬರ್ ಹೇಳಿ, ಅವ್ರು ಫೋನ್ ಮಾಡೋ ಹೊತ್ತಲ್ಲಿ ಅವ್ರ ಮಗೂನ ನೀವು ನೋಡ್ಕೊಳ್ಳಿ, ಅದೂ ಲಾಬಿಯಿಂಗೇ.

ಖುದ್ದಾಗಿ ಹೋಗೋದಾದ್ರೆ ಎಲ್‌ಎಗೆ ಮುಂಚೆನೇ ಇಮೇಲ್ ಮಾಡಿ ಹದಿನೈದು ನಿಮಿಷ ಕೇಳಿ, ಸಿಗುತ್ತೆ. ಆದ್ರೆ ಫ್ಲೋರ್ ಓಟಿಂಗ್ ನಡೀತಿದ್ರೆ ಲೆಜಿಸ್ಲೇಟರ್ ಬರೋಕಾಗದೇ ಎಲ್‌ಎ ಜೊತೇನೇ ಮೀಟಿಂಗ್ ಆಗಬಹುದು, ಬೇಜಾರ್ ಮಾಡ್ಕೋಬೇಡಿ. ಮಕ್ಳನ್ನ ಕರ್ಕೊಂಡು ಹೋಗಿ, ಯಾರೂ ಏನೂ ಅನ್ನಲ್ಲ. ಐ-5 ಹೈವೇ ಟ್ರಾಫಿಕ್ ನಂಬ್ಕೋಬೇಡಿ, ಬೇಗ ಹೊರಡಿ, ಮತ್ತೆ ಹೊರಡೋ ಮುಂಚೆ ಅಜೆಂಡಾ ಇನ್ನೊಂದ್ಸಲ ಚೆಕ್ ಮಾಡಿ, ಹಿಂದಿನ ರಾತ್ರಿ ಬಿಲ್ ತೆಗೆದುಹಾಕಿರೋದೂ ಉಂಟು. ನಾನೊಂದ್ಸಲ ಟಕೋಮಾ ದಾಟಿ ಹೋದ್ಮೇಲೆ ನೋಡಿದ್ದೆ.