‘ಲಾಸ್ಟ್ ಎಷ್ಟು?’ ಎಂದು ಕೇಳಿ ಫೋನ್ ಇಡುತ್ತಾರೆ, ಜಾಹೀರಾತು ಹೇಗೆ ಬರೆಯಲಿ?

ಓದುಗರ ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವರು. ಅಡಿಕೆಗೆ ಮದ್ದು ಬಿಡುವ ಪಂಪು ಮತ್ತು ಒಂದು ಸ್ಕೂಟರ್ ಮಾರಲಿಕ್ಕಿದೆ. ‘ಉತ್ತಮ ಸ್ಥಿತಿಯಲ್ಲಿದೆ, ಆಸಕ್ತರು ಸಂಪರ್ಕಿಸಿ’ ಎಂದು ಅಕ್ಟೋಬರಿನಲ್ಲಿ ವಾಟ್ಸಾಪ್ ಗ್ರೂಪುಗಳಿಗೂ ಒಎಲ್‌ಎಕ್ಸ್‌ಗೂ ಹಾಕಿದೆವು. ಫೋನ್ ಬರುತ್ತದೆ, ‘ಲಾಸ್ಟ್ ಎಷ್ಟು?’ ಎಂದು ಕೇಳುತ್ತಾರೆ, ಇಡುತ್ತಾರೆ. ನೋಡಲಿಕ್ಕೆ ಒಬ್ಬರೂ ಬಂದಿಲ್ಲ. ಹೇಗೆ ಬರೆಯಬೇಕು?

ಉತ್ತರ: ಫೋನ್ ಮಾಡಿದವರನ್ನು ದೂರಿ ಪ್ರಯೋಜನವಿಲ್ಲ. ನೀವು ಬೆಲೆ ಬರೆದಿಲ್ಲ, ಅವರು ಬೆಲೆ ಕೇಳುತ್ತಾರೆ. ಬೇರೆ ಏನಾದರೂ ಕೇಳೋಣ ಎಂದರೆ ಅಷ್ಟು ವಿಷಯವೂ ಅದರಲ್ಲಿಲ್ಲ. ‘ಉತ್ತಮ ಸ್ಥಿತಿ’ ಎಂದು ತುಕ್ಕು ಹಿಡಿದ ಸೈಕಲ್ ಮಾರುವವರೂ ಬರೆಯುತ್ತಾರೆ, ಅಲ್ವಾ? ಬೇಡದವರು ಓದಿ ಸುಮ್ಮನಾಗಬೇಕು, ಬೇಕಾದವರು ಜೀಪು ಮಾಡಿಕೊಂಡೇ ಬರಬೇಕು. ಜಾಹೀರಾತಿನಿಂದ ಆಗಬೇಕಾದ ಕೆಲಸ ಇಷ್ಟೇ.

ಮೊದಲು ಪಂಪಿನ ವಿಷಯ. ತೋಟ ಇರುವವರು ಹಳೆ ಪಂಪು ನೋಡಲು ಬಂದರೆ ಏನೇನು ನೋಡುತ್ತಾರೆ ಎಂದು ನಿಮಗೇ ಗೊತ್ತು. ಎಷ್ಟು ಸಲ ಎಳೆದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಪ್ರೆಶರ್ ನಿಲ್ಲುತ್ತದಾ, ಎಲ್ಲಾದರೂ ಆಯಿಲ್ ಸೋರುತ್ತದಾ, ಪೈಪು ಎಷ್ಟು ಮೀಟರ್ ಇದೆ. ಗುಡ್ಡದ ಬದಿಯ ತೋಟಕ್ಕೆ ಪೈಪಿನ ಉದ್ದವೇ ದೊಡ್ಡ ವಿಷಯ. ಮತ್ತೆ, ಅಡಿಕೆಗೆ ಬಿಡುವ ಬೋರ್ಡೋ ಮದ್ದಿನಲ್ಲಿರುವ ಮೈಲುತುತ್ತು ಲೋಹವನ್ನು ತಿನ್ನುತ್ತದೆ, ಸುಣ್ಣ ಒಳಗೆ ಗಟ್ಟಿ ಕೂರುತ್ತದೆ. ಮದ್ದು ಬಿಟ್ಟ ದಿನವೇ ನೀರು ಹಾಯಿಸಿ ತೊಳೆದಿಟ್ಟ ಪಂಪಿನ ಕಥೆ ಬೇರೆ, ಹಾಗೇ ಮೂಲೆಗೆ ಹಾಕಿದ್ದರ ಕಥೆ ಬೇರೆ. ನೀವು ತೊಳೆದಿಟ್ಟಿದ್ದರೆ ಅದನ್ನು ಬರೆಯದೆ ಬಿಡಬೇಡಿ. ಹೀಗೆ ಬರೆಯಬಹುದು:

‘ಮದ್ದು ಬಿಡುವ ಎಚ್‌ಟಿಪಿ ಪಂಪು, 5 ಎಚ್‌ಪಿ ಪೆಟ್ರೋಲ್ ಎಂಜಿನ್ ಸಮೇತ. 2019ರಲ್ಲಿ ಹೊಸತು ತೆಗೆದದ್ದು. ಎರಡು ಎಕರೆ ತೋಟಕ್ಕೆ ವರ್ಷಕ್ಕೆ ಎರಡು ಸಲ ಬಳಕೆ, ಪ್ರತಿ ಸಲ ತೊಳೆದಿಟ್ಟಿದ್ದೇವೆ. ಕಳೆದ ವರ್ಷ ಪಿಸ್ಟನ್ ವಾಷರ್, ಬೆಲ್ಟ್ ಬದಲಿಸಿದೆ. ಪೈಪು 100 ಮೀಟರ್, ಒಂದು ಕಡೆ ಜಾಯಿಂಟ್ ಇದೆ. ಪ್ರೆಶರ್ ಗೇಜ್ ಹಾಳಾಗಿದೆ. 13,000 ರೂಪಾಯಿ. ಸ್ಟಾರ್ಟ್ ಮಾಡಿ ನೋಡಿಯೇ ತೆಗೆದುಕೊಳ್ಳಿ. ಪೆರ್ಲ ಪೇಟೆಯಿಂದ 3 ಕಿ.ಮೀ., ಅಂಗಳದ ತನಕ ಪಿಕಪ್ ಬರುತ್ತದೆ. ಸಂಜೆ 5ರ ನಂತರ ಫೋನ್ ಮಾಡಿ.’

ವರ್ಷ, ಬೆಲೆ, ರಿಪೇರಿ ಎಲ್ಲ ನಿಮ್ಮದನ್ನು ಹಾಕಿಕೊಳ್ಳಿ. ಆದರೆ ಗೇಜ್ ಹಾಳಾಗಿದೆ ಎನ್ನುವಂಥ ಸಾಲನ್ನು ಮಾತ್ರ ತೆಗೆಯಬೇಡಿ. ಕುಂದು ಬರೆದರೆ ಯಾರು ಬರುತ್ತಾರೆ ಎಂದು ಕೇಳುವವರಿದ್ದಾರೆ. ನನಗೆ ಕಾಣುವುದು ಉಲ್ಟಾ. ಬಂದವರೇ ಅದನ್ನು ಕಂಡುಹಿಡಿದರೆ ಇನ್ನು ಏನೇನು ಮುಚ್ಚಿಟ್ಟಿದ್ದಾರೋ ಎಂದು ಎಂಜಿನ್ ಮೇಲೂ ಸಂಶಯ ಪಡುತ್ತಾರೆ, ಇನ್ನೂರು ರೂಪಾಯಿಯ ಕುಂದಿಗೆ ಎರಡು ಸಾವಿರ ಇಳಿಸುತ್ತಾರೆ. ಮೊದಲೇ ಬರೆದಿದ್ದರೆ ಅದರ ಲೆಕ್ಕ 13,000ದ ಒಳಗೇ ಬಂತು.

ಬೆಲೆ ಕಟ್ಟುವಾಗ ನೀವು ಅಂದು ಎಷ್ಟು ಕೊಟ್ಟಿರಿ ಎನ್ನುವುದನ್ನು ಮರೆತುಬಿಡಿ. ಅಂಗಡಿಗೆ ಫೋನ್ ಮಾಡಿ ಇಂದು ಹೊಸದಕ್ಕೆ ಎಷ್ಟು ಎಂದು ಕೇಳಿ, ಅಂಥದೇ ಹಳೆಯದಕ್ಕೆ ಬೇರೆಯವರು ಎಷ್ಟು ಹಾಕಿದ್ದಾರೆ ನೋಡಿ. ಚೌಕಾಸಿಗೆ ಸ್ವಲ್ಪ ಜಾಗ ಇಟ್ಟುಕೊಳ್ಳಿ, ಜಾಸ್ತಿ ಬೇಡ. ಇಷ್ಟಾದರೂ ‘ಲಾಸ್ಟ್ ಎಷ್ಟು?’ ಎನ್ನುವವರು ಇದ್ದೇ ಇರುತ್ತಾರೆ, ಮಲಯಾಳದಲ್ಲಾದರೆ ‘ಲಾಸ್ಟ್ ಎತ್ರ?’. ‘ಬಂದು ನೋಡಿ, ನಂತರ ಮಾತಾಡೋಣ’ ಎಂದರೆ ಸಾಕು. ನೋಡದವರ ಹತ್ತಿರ ಫೋನಿನಲ್ಲಿ ಇಳಿಸಿದ ಬೆಲೆಯನ್ನು ಅಂಗಳಕ್ಕೆ ಬಂದ ಮೇಲೆ ಮತ್ತೊಮ್ಮೆ ಇಳಿಸಬೇಕಾಗುತ್ತದೆ.

ಇನ್ನು, ನೀವು ಹಾಕಿದ ತಿಂಗಳು. ಅಕ್ಟೋಬರಿನಲ್ಲಿ ಮದ್ದಿನ ಪಂಪು ಯಾರಿಗೆ ಬೇಕು? ಕೊಳೆರೋಗಕ್ಕೆ ಮೊದಲ ಮದ್ದು ಮಳೆ ಹಿಡಿಯುವ ಮೊದಲು, ಎರಡನೆಯದು ಅದರ 40–45 ದಿನಕ್ಕೆ. ಮಳೆ ಬಿಡುವ ಹೊತ್ತಿಗೆ ತೋಟದವರ ತಲೆಯಲ್ಲಿ ಕೊಯ್ಲು, ಒಣಗಿಸುವ ಅಂಗಳ, ಇವೇ ಇರುತ್ತವೆ. ಹಣಕ್ಕೆ ಅವಸರ ಇಲ್ಲದಿದ್ದರೆ ಏಪ್ರಿಲ್ ಕೊನೆಯ ತನಕ ಕಾಯಿರಿ. ಮೇ ತಿಂಗಳಲ್ಲಿ ಇದೇ ಪಂಪಿಗೆ ಜನ ಹುಡುಕಿಕೊಂಡು ಬರುತ್ತಾರೆ. ಹುಲ್ಲು ಕೊಚ್ಚುವ ಮೆಷಿನ್ ಆದರೆ ಮಳೆಗಾಲದಲ್ಲಿ, ನೀರಿನ ಪಂಪ್‌ಸೆಟ್ಟು ಆದರೆ ಬೇಸಿಗೆಗೆ ಸ್ವಲ್ಪ ಮೊದಲು. ಮದ್ದು ಬಿಡಲು ಬರುವ ಕೆಲಸದವರಿಗೂ ಒಂದು ಮಾತು ಹೇಳಿಡಿ. ಯಾರ ಪಂಪು ಕೈಕೊಟ್ಟಿದೆ ಎಂಬ ಸುದ್ದಿ ಒಎಲ್‌ಎಕ್ಸ್‌ಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಯಾವ ಭಾಷೆಯಲ್ಲಿ ಬರೆಯಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಗ್ರೂಪುಗಳಿಗೆ ಕನ್ನಡ ಸಾಕು. ಚೆರ್ಕಳ ದಾಟಿ ಕಾಞಂಗಾಡ್ ಕಡೆಯವರೂ ನೋಡಬೇಕಾದರೆ ಕೆಳಗೆ ಮಲಯಾಳದಲ್ಲೂ ಹಾಕಿ. ಮೊಬೈಲ್ ಮಾಡಿಕೊಟ್ಟ ಅನುವಾದವನ್ನು ಹಾಗೇ ಹಾಕಬೇಡಿ, ಮಲಯಾಳ ಓದುವ ಪಕ್ಕದ ಮನೆಯವರಿಗೆ ಒಮ್ಮೆ ತೋರಿಸಿ. ಊರಿನ ಹೆಸರು ಬರೆಯುವಾಗ ಸುಮ್ನೆ ‘ಕಾಸರಗೋಡು’ ಎನ್ನಬೇಡಿ. ತಲಪಾಡಿಯಿಂದ ತೃಕ್ಕರಿಪುರದ ತನಕ ಎಲ್ಲವೂ ಕಾಸರಗೋಡೇ. ಪೆರ್ಲ ಎಂದು ಬರೆದರೆ ಗಡಿಯಾಚೆ ಕರ್ನಾಟಕದ ವಿಟ್ಲದವರೂ ‘ಓ, ಹತ್ತಿರವೇ’ ಎಂದುಕೊಳ್ಳುತ್ತಾರೆ.

ಆದರೆ ವಿಟ್ಲದವರು ಪಂಪನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಹೋದಷ್ಟು ಸುಲಭದಲ್ಲಿ ಸ್ಕೂಟರ್ ಒಯ್ಯಲು ಆಗುವುದಿಲ್ಲ. ನಿಮ್ಮದು ಕೆಎಲ್ 14, ಅಂದರೆ ಕಾಸರಗೋಡಿನ ನಂಬರ್ ಆಗಿದ್ದರೆ ಗಡಿಯಾಚೆಯವರಿಗೆ ಮೊದಲು ಬರುವ ಯೋಚನೆಯೇ ಕಾಗದಪತ್ರದ್ದು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿಯ ನಂಬರ್ ಮಾಡಿಸಬೇಕು, ಅಲ್ಲಿಯ ತೆರಿಗೆ ಕಟ್ಟಬೇಕು. ಅದಕ್ಕೆ ನಿಮ್ಮ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪ ಇಲ್ಲವೆಂಬ ಪತ್ರ) ಬೇಕು, ಅದು ಫಾರ್ಮ್ 28. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಅದನ್ನು ತೆಗೆಸಲು ಫಾರ್ಮ್ 35. ‘ಕೆಎಲ್ 14, ಒಬ್ಬರೇ ಮಾಲೀಕರು, ಸಾಲ ಇಲ್ಲ, ಇನ್ಶೂರೆನ್ಸ್ ಇಂಥ ತಿಂಗಳ ತನಕ, ಎನ್‌ಒಸಿ ತೆಗೆದುಕೊಡುತ್ತೇವೆ’ ಎಂದು ಬರೆದರೆ ಅರ್ಧ ಪ್ರಶ್ನೆ ಅಲ್ಲೇ ಮುಗಿಯಿತು. ಹೆಸರು ಬದಲಾಗುವ ತನಕ ಕ್ಯಾಮರಾ ಹಿಡಿದ ದಂಡದ ನೋಟಿಸು ನಿಮ್ಮ ಮನೆಗೇ ಬರುತ್ತದೆ. ಹಾಗಾಗಿ ‘ನಿಧಾನ ಮಾಡಿಸಿಕೊಳ್ಳುತ್ತೇನೆ’ ಎನ್ನುವವರಿಗೆ ಬೀಗದಕೈ ಕೊಡಬೇಡಿ.

ಫೋಟೊಕ್ಕೆ ತಲೆಬಿಸಿ ಬೇಡ. ಒರೆಸಿ, ಹಗಲು ಬೆಳಕಿಗೆ ತಂದು, ನಾಲ್ಕು ಬದಿಯಿಂದ ತೆಗೆಯಿರಿ. ಹಾಳಾದ ಗೇಜಿನದ್ದೂ ಒಂದು ಇರಲಿ. ಆರ್‌ಸಿಯ ಫೋಟೊ ಮಾತ್ರ ಗ್ರೂಪಿಗೆ ಹಾಕಬೇಡಿ.

ಕೊನೆಗೆ ಹಣ. ನೋಡದೆ, ಚೌಕಾಸಿ ಮಾಡದೆ ‘ಈಗಲೇ ಅಡ್ವಾನ್ಸ್ ಹಾಕುತ್ತೇನೆ’ ಎನ್ನುವವರು ಸಿಕ್ಕಿದರೆ ಖುಷಿಪಡಬೇಡಿ. ನಾನು ಮಿಲಿಟರಿಯವನು ಎನ್ನುತ್ತಾರೆ, ಕ್ಯೂಆರ್ ಕೋಡ್ ಕಳಿಸುತ್ತಾರೆ, ಸ್ಕ್ಯಾನ್ ಮಾಡಿದರೆ ಹಣ ಬರುತ್ತದೆ ಎನ್ನುತ್ತಾರೆ. ಯುಪಿಐಯಲ್ಲಿ ಹಣ ಬರಲು ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ. ಹೋಗಿಯೇ ಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.